ಹಣದ ಆಟಕ್ಕೆ ಪ್ಯಾನ್ ಸಂಖ್ಯೆ ಏಕೆ?

ಪ್ರಶ್ನೆ: ಹಣ ಕಟ್ಟಿ ಆಡುವ ಮೊಬೈಲ್ ಆಟಗಳು ಖಾತೆ ತೆರೆಯುವಾಗ ಪ್ಯಾನ್ ಕೇಳುತ್ತಿದ್ದುದೇಕೆ? ಈಗಲೂ ಕೊಡಬಹುದೇ? (ಕಳಸದ ಓದುಗರೊಬ್ಬರು)

ಉತ್ತರ: ಕೆವೈಸಿ, ಅಂದರೆ ಗ್ರಾಹಕರ ಗುರುತಿನ ದೃಢೀಕರಣದಲ್ಲಿ, ಮೊಬೈಲಿಗೆ ಬರುವ ಒಟಿಪಿಯು ಆ ಸಿಮ್ ಯಾರದೋ ಕೈಯಲ್ಲಿದೆ ಎಂಬುದನ್ನಷ್ಟೇ ತೋರಿಸುತ್ತದೆಯೇ ಹೊರತು ಆಡುವವರ ಹೆಸರನ್ನಾಗಲಿ ವಯಸ್ಸನ್ನಾಗಲಿ ತಿಳಿಸುವುದಿಲ್ಲ; ಆದ್ದರಿಂದ ಒಬ್ಬನೇ ಹಲವು ಸಿಮ್‌ಗಳಿಂದ ಹಲವು ಖಾತೆ ತೆರೆದು ಸ್ವಾಗತದ ಬೋನಸ್ ದೋಚುವುದನ್ನೂ, ಪರರ ಹೆಸರಿನಲ್ಲಿ ಹಣ ಸಾಗಿಸುವುದನ್ನೂ ತಡೆಯಲು ಪ್ಯಾನ್ ಮತ್ತು ಬ್ಯಾಂಕ್ ಖಾತೆಗಳ ಹೆಸರನ್ನು ತಾಳೆ ನೋಡಲಾಗುತ್ತಿತ್ತು. 2023ರ ಏಪ್ರಿಲ್ 1ರಿಂದ ನಿವ್ವಳ ಗೆಲುವಿನ ಮೇಲೆ ಶೇ 30ರಷ್ಟು ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳಬೇಕಾಗಿ ಬಂದುದು ಇನ್ನೊಂದು ಕಾರಣ. ಆದರೆ ಕುದುರೆಮುಖದ ತಪ್ಪಲಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಅಪ್ಪನ ಫೋನು ಮತ್ತು ಅಪ್ಪನದೇ ಪ್ಯಾನ್ ಬಳಸಿ ಆಡುವ ಮಗನನ್ನು ಈ ತಾಳೆ ಪತ್ತೆಹಚ್ಚಲಾರದು. ಅದರ ದೊಡ್ಡ ದೌರ್ಬಲ್ಯ ಇದೇ.

ಇಂಥ ಆಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತಾದರೂ, ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆಯು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಆನ್‌ಲೈನ್ ಹಣದ ಆಟಗಳೆಲ್ಲವನ್ನೂ ನಿಷೇಧಿಸಿದೆ. ಆದ್ದರಿಂದ ಇನ್ನೂ ಪ್ಯಾನ್ ಕೇಳುವ ಹಣದ ಆಟಕ್ಕೆ ಅದನ್ನು ಕೊಡಬಾರದು. ಕೊಟ್ಟು ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.