ಮಂಡಿ ಊದಿದ್ರೆ ಎಣ್ಣೆ ತಿಕ್ಕಬೇಡಿ

ಪೆಟ್ಟೇ ಬೀಳದೆ ಹುಡುಗನ ಮಂಡಿ ಊದಿದ್ರೆ ನಮ್ಮ ಮನೆಗಳಲ್ಲಿ ಮೊದಲು ಹೊರಬರೋದು ಎಣ್ಣೆ ಬಾಟ್ಲಿ. ಹಿಮೋಫಿಲಿಯಾ ಇದ್ದರೆ ಆ ತಿಕ್ಕುವಿಕೆಯೇ ಅಪಾಯ. ರಕ್ತ ಹೆಪ್ಪುಗಟ್ಟಿಸುವ ‘ಫ್ಯಾಕ್ಟರ್’ ಕಡಿಮೆಯಿರುವ ಈ ಕಾಯಿಲೆಯಲ್ಲಿ ಗಂಟಿನೊಳಗೇ ರಕ್ತ ಸೋರುತ್ತದೆ. ಮತ್ತೆ ಮತ್ತೆ ಸೋರಿದರೆ ಗಂಟು ಸವೆದು ಕಾಲು ನೆಟ್ಟಗಾಗುವುದಿಲ್ಲ.

ದಾವಣಗೆರೆ, ಹರಿಹರದವರಿಗೆ ನೆರವು ಹತ್ತಿರದಲ್ಲೇ ಇದೆ. ಸ್ವತಃ ಹಿಮೋಫಿಲಿಯಾ ಇರುವ ಡಾ. ಸುರೇಶ್ ಹನಗವಾಡಿ ಕಟ್ಟಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ದಾವಣಗೆರೆಯಲ್ಲಿದೆ.

ರಕ್ತ ಸೋರಿದಾಗ ಮೊದಲು ಫ್ಯಾಕ್ಟರ್ ಇಂಜೆಕ್ಷನ್, ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಐಸ್. ಊತ, ನೋವು ಇಳಿದ ಮೇಲೆ ಫಿಸಿಯೋಥೆರಪಿ: ಕಾಲು ಚಾಚಿ ತೊಡೆಯ ಸ್ನಾಯು ಬಿಗಿಹಿಡಿದು ಬಿಡುವುದು, ಆಮೇಲೆ ಮೆಲ್ಲಗೆ ಮಂಡಿ ಮಡಚುವುದು. ಸ್ನಾಯು ಗಟ್ಟಿಯಾದಷ್ಟೂ ಗಂಟಿಗೆ ಆಸರೆ. ಜೋರಾಗಿ ಎಳೆಯಬಾರದು. ಆಸ್ಪಿರಿನ್ ಮಾತ್ರೆಯೂ ಬೇಡ.

ಮಂಡಿ ಮಡಚಲಾಗದವರು ಕುರ್ಚಿಯಲ್ಲಿ ಕೂತು ನಮಾಝ್ ಮಾಡಲಿ, ಅದರಲ್ಲಿ ನಾಚಿಕೆಯೇನು? ತಾಯಿ ಕಡೆ ಈ ಕಾಯಿಲೆ ಇದ್ದರೆ ಸುನ್ನತ್‌ಗೆ ಮುಂಚೆ ರಕ್ತ ಪರೀಕ್ಷೆ ಆಗಲೇಬೇಕು. ಹಾಗಂತ ಉಮ್ಮನನ್ನು ದೂರಬೇಡಿ. ಮನೆತನದಲ್ಲಿ ಯಾರಿಗೂ ಇಲ್ಲದೆಯೂ ಇದು ಬರುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾವೂ ಸೇರಿದೆ. ಮುಚ್ಚಿಟ್ಟರೆ ಹುಡುಗನ ಕಾಲು ಹೋಗುತ್ತದೆ. ಹೇಳಿಕೊಂಡು ಚಿಕಿತ್ಸೆ ಕೊಡಿಸಿದರೆ ಅವನು ಶಾಲೆಗೂ ಮಸೀದಿಗೂ ನಡೆದೇ ಹೋಗಬಲ್ಲ.