ಮಸಿಯ ಕಲೆಯಿಂದ ಚಿತ್ರಾಭ್ಯಾಸ

ಪ್ರಯೋಗಾತ್ಮಕವಾದ ರೇಖನವೆಂದರೆ ಕೈಗೆ ತೋಚಿದಂತೆ ಗೀಚುವುದೆಂದು ಭಾವಿಸುವವರುಂಟು. ಆಂಗ್ಲ ಚಿತ್ರಕಾರನಾದ ಅಲೆಕ್ಸಾಂಡರ್ ಕೋಜನ್ಸನು 1785ರ ಸುಮಾರಿಗೆ ಪ್ರಕಟಿಸಿದ ಶಿಕ್ಷಣಗ್ರಂಥವನ್ನು ನೋಡಿದರೆ ಈ ಅಭಿಪ್ರಾಯವು ನಿಲ್ಲಲಾರದು. ಇತರರ ಕೃತಿಗಳನ್ನು ನಕಲುಮಾಡುವುದರಲ್ಲಿಯೇ ಕಾಲವೆಲ್ಲ ಕಳೆದರೆ ಕಲ್ಪನಾಶಕ್ತಿಯು ಕುಗ್ಗುವುದೆಂಬುದು ಅವನ ಮತ. ಅವನು ವಿಧಿಸಿದ ಕ್ರಮವಿದು: ವಿದ್ಯಾರ್ಥಿಯು ಮೊದಲು ದೃಶ್ಯದ ಸ್ಥೂಲಸ್ವರೂಪವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು, ಬಳಿಕ ಕುಂಚವನ್ನು ಮಸಿಯಲ್ಲಿ ಅದ್ದಿ, ಬೇಕಾದರೆ ಮುದುರಿ ಬಿಡಿಸಿದ ಕಾಗದದ ಮೇಲೆ, ಅತಿವೇಗದಿಂದ ಕಲೆಗಳನ್ನು ಮೂಡಿಸಬೇಕು. ಅನಂತರ ಪಾರದರ್ಶಕವಾದ ತೆಳುಕಾಗದವನ್ನು ಅದರ ಮೇಲಿಟ್ಟು, ಬೆಟ್ಟ ಮರ ನೀರುಗಳ ಆಕಾರಗಳನ್ನು ಆ ಕಲೆಗಳೊಳಗಿಂದಲೇ ಆರಿಸಿ ತೆಗೆಯಬೇಕು. ಕಲೆಯು ಸೂಚಿಸದುದನ್ನು ಸೇರಿಸಕೂಡದು.

ಈ ಕೊನೆಯ ನಿಯಮವೇ ಮುಖ್ಯವಾದುದು. ವೇಗದಿಂದ ಕೈಯ ಹಳೆಯ ರೂಢಿ ತಪ್ಪುತ್ತದೆ. ಕಣ್ಣಿಗೆ ಶಿಕ್ಷಣ ದೊರೆಯುವುದು ಈ ನಿರ್ಬಂಧದಿಂದ. (ಅಚ್ಚಗನ್ನಡದ ‘ಕಲೆ’ಯೂ ಸಂಸ್ಕೃತದಿಂದ ಬಂದ ‘ಕಲೆ’ಯೂ ನಮ್ಮಲ್ಲಿ ಒಂದೇ ರೂಪವನ್ನು ತಾಳಿರುವುದು ಇಲ್ಲಿ ಸೊಗಸಾಗಿ ಹೊಂದುತ್ತದೆ.)

ಸಾಹಿತ್ಯಾಭ್ಯಾಸಿಗಳಿಗೆ ಇದಕ್ಕಿಂತ ಸಮೀಪದ ನಿದರ್ಶನವೊಂದುಂಟು. ರವೀಂದ್ರನಾಥ ಠಾಕೂರರು ‘ಪೂರಬೀ’ ಕವನಗಳ 1924ರ ಹಸ್ತಪ್ರತಿಯಲ್ಲಿ, ಹೊಡೆದುಹಾಕಿದ ಪದಗಳನ್ನು ರೇಖೆಗಳಿಂದ ಬೆಸೆಯುತ್ತ ವಿಚಿತ್ರಾಕೃತಿಗಳನ್ನು ಕಂಡುಕೊಂಡರು. ಗುರುವಿಲ್ಲದೆ ಹೀಗೆ ಮೊದಲಾದ ಅಭ್ಯಾಸವು ಬೆಳೆದು, 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನವು ನಡೆಯಿತು.