ಬೇಸಲ್ ಗ್ಯಾಂಗ್ಲಿಯಾ ಮತ್ತು ಕಲಿಕೆ

ಬೇಸಲ್ ಗ್ಯಾಂಗ್ಲಿಯಾ ಎಂಬುದು ಮಿದುಳಿನ ಆಳದಲ್ಲಿರುವ ನರಕೋಶ ಗುಚ್ಛಗಳ ಸಮೂಹವಾಗಿದೆ. ಸೂಕ್ತ ಚಲನೆಯನ್ನು ಆಯ್ದುಕೊಳ್ಳುವುದರಲ್ಲಿ ಹಾಗೂ ಅಭ್ಯಾಸಗಳನ್ನು ರೂಢಿಸಿಕೊಳ್ಳುವುದರಲ್ಲಿ ಇದರ ಪಾತ್ರ ಮುಖ್ಯವಾದುದು. ಇದರ ಪ್ರಮುಖ ಭಾಗವಾದ ಸ್ಟ್ರಯೇಟಮ್‌ನಿಂದ ಎರಡು ನರಮಾರ್ಗಗಳು ಹೊರಡುತ್ತವೆ. ಸ್ಥೂಲವಾಗಿ, ನೇರ ಮಾರ್ಗವು ಚಲನೆಗೆ ಅವಕಾಶ ನೀಡಿದರೆ ಪರೋಕ್ಷ ಮಾರ್ಗವು ಅದನ್ನು ತಡೆಯುತ್ತದೆ. ಇವೆರಡರ ಬಲಾಬಲವನ್ನು ಡೋಪಮೈನ್ ಎಂಬ ರಾಸಾಯನಿಕವು ಹೊಂದಿಸುತ್ತದೆ.

ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಅನಿರೀಕ್ಷಿತವಾಗಿ ಹಣ್ಣಿನ ರಸ ದೊರೆತಾಗ ಡೋಪಮೈನ್ ಸ್ರವಿಸುವ ನರಕೋಶಗಳು ಚುರುಕಾದವು; ನಿರೀಕ್ಷಿಸಿದ ರಸ ದೊರೆಯದಿದ್ದಾಗ ಅವುಗಳ ಚಟುವಟಿಕೆ ಕುಗ್ಗಿತು. ನಿರೀಕ್ಷೆಗೂ ಫಲಕ್ಕೂ ನಡುವಿನ ಈ ಅಂತರವೇ ಕಲಿಕೆಯ ಸಂಕೇತವೆಂದು 1997ರಲ್ಲಿ ಶುಲ್ಟ್ಸ್, ಡಯಾನ್ ಮತ್ತು ಮಾಂಟೆಗ್ಯೂ ವಿವರಿಸಿದರು.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಇಂತಹ ನರಕೋಶಗಳು ನಶಿಸುವುದರಿಂದ, ಚಲನೆ ನಿಧಾನವಾಗುವುದಲ್ಲದೆ ಫಲ ಕಂಡು ಕಲಿಯುವ ಸಾಮರ್ಥ್ಯವೂ ಕುಂದಬಹುದು.